ಮನೆಯ ನ್ಯಾಸ್‌ಗೆ ನಂಬುವಂಥ ಬ್ಯಾಕಪ್ ಯಾವುದು?

ಮನೆಯಲ್ಲಿ ಎರಡು ಡಿಸ್ಕಿನ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕಿನ ಪೆಟ್ಟಿಗೆ) ಇದೆ, ಎರಡೂ 4 ಟಿಬಿ, ಒಂದಕ್ಕೊಂದು ಮಿರರ್, ಅಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ, ಎಂದು ಬರೆದಿದ್ದೀರಿ. ಅದರಲ್ಲಿ ಫೋಟೊ, ವಿಡಿಯೊ, ಕಾಗದಪತ್ರಗಳ ಸ್ಕ್ಯಾನ್ ಸೇರಿ 2 ಟಿಬಿ ತುಂಬಿದೆ. ಮಿರರ್ ಇದ್ದ ಮೇಲೂ ಬ್ಯಾಕಪ್ ಬೇಕಾ, ಬೇಕಾದರೆ ಯುಎಸ್‌ಬಿ ಡಿಸ್ಕಾ, ಕ್ಲೌಡಾ, ಇನ್ನೊಂದು ನ್ಯಾಸಾ ಎಂಬುದು ನಿಮ್ಮ ಪ್ರಶ್ನೆ.

ಬೇಕೇ ಬೇಕು. ಮಿರರ್ ಮಾಡುವುದು ಒಂದೇ ಕೆಲಸ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದರ ಮೇಲೆ ನ್ಯಾಸ್ ನಿಲ್ಲದೆ ಓಡುತ್ತದೆ, ಅಷ್ಟೇ. ನೀವು ಒಂದು ಫೈಲ್ ಅಳಿಸಿದರೆ ಆ ಕ್ಷಣವೇ ಎರಡೂ ಡಿಸ್ಕಿನಿಂದ ಹೋಗುತ್ತದೆ. ರ‍್ಯಾನ್ಸಮ್‌ವೇರ್ ಬಂದು ಫೈಲುಗಳಿಗೆ ಬೀಗ ಹಾಕಿದರೆ ಎರಡಕ್ಕೂ ಬೀಗ. ಸಿಡಿಲು ಹೊಡೆದರೂ, ಕಳ್ಳ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೂ ಎರಡೂ ಒಟ್ಟಿಗೆ ಹೋಗುತ್ತವೆ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಆಗ ನನ್ನ ಹತ್ತಿರ ಮಿರರ್ ಇತ್ತು, ಜೊತೆಗೆ ಯುಎಸ್‌ಬಿ ಡಿಸ್ಕೂ ಇತ್ತು. ದಿನಾ ರಾತ್ರಿ 2 ಗಂಟೆಗೆ ಆರ್‌ಸಿಂಕ್ ಎಂಬ ಕಾಪಿ ಮಾಡುವ ಪ್ರೋಗ್ರಾಮ್ ಓಡಿ, ನ್ಯಾಸ್‌ನಲ್ಲಿ ಇರುವುದನ್ನೆಲ್ಲ ಆ ಡಿಸ್ಕಿಗೆ ಹಾಕುತ್ತಿತ್ತು. ಡಿಲೀಟ್ ಆಯ್ಕೆಯನ್ನೂ ಕೊಟ್ಟಿದ್ದೆ. ಅಂದರೆ ನ್ಯಾಸ್‌ನಲ್ಲಿ ಇಲ್ಲದ ಫೈಲು ಡಿಸ್ಕಿನಲ್ಲೂ ಉಳಿಯುವುದಿಲ್ಲ. ಒಂದು ದಿನ ಮನೆಯವರೊಬ್ಬರು ಫೋನಿನಲ್ಲಿ ಜಾಗ ಖಾಲಿ ಮಾಡಲು ಹೋದಾಗ ನ್ಯಾಸ್‌ನ ಒಂದು ಫೋಲ್ಡರೇ ಅಳಿಸಿಹೋಯಿತು. ಅಕ್ಕನ ಮಗಳ ನಾಮಕರಣದ ಫೋಟೊ ಅದರಲ್ಲಿದ್ದವು. ನಮಗೆ ಗೊತ್ತಾದದ್ದು ಮೂರು ವಾರ ಕಳೆದ ಮೇಲೆ. ಅಳಿಸಿದ ದಿನ ರಾತ್ರಿಯೇ ಆರ್‌ಸಿಂಕ್ ತನ್ನ ಕೆಲಸ ತಾನು ಮಾಡಿ ಮುಗಿಸಿತ್ತು. ನೆಂಟರ ವಾಟ್ಸ್‌ಆ್ಯಪ್‌ನಿಂದ ಕೆಲವು ಚಿಕ್ಕ ಫೋಟೊ ಸಿಕ್ಕವು. ಅಜ್ಜಿ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ ಫೋಟೊ ಮಾತ್ರ ಸಿಗಲೇ ಇಲ್ಲ. ಅಜ್ಜಿ ಈಗಿಲ್ಲ.

ಅಂದಿನಿಂದ ಯಾವ ವಿಧಾನ ನೋಡಿದರೂ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಮೂರು ತಿಂಗಳ ಹಿಂದೆ ಅಳಿಸಿದ ಫೈಲು ಇದರಿಂದ ವಾಪಸ್ ಬರುತ್ತದಾ? ನ್ಯಾಸ್ ಇನ್ನೊಬ್ಬರ ಕೈಗೆ ಸಿಕ್ಕರೂ ಈ ಪ್ರತಿ ಉಳಿಯುತ್ತದಾ? ನಾನು ಇದರಿಂದ ನಿಜವಾಗಿ ಫೈಲು ವಾಪಸ್ ತೆಗೆದು ನೋಡಿದ್ದೇನಾ? ಡಿಸ್ಕಾ ಕ್ಲೌಡಾ ಎಂಬ ಮಾತು ಅದಾದ ಮೇಲೆ.

ಮೊದಲನೆಯದಕ್ಕೆ ಉತ್ತರ, ಹಳೆಯ ಪ್ರತಿಗಳನ್ನು ಇಟ್ಟುಕೊಳ್ಳುವ ಬ್ಯಾಕಪ್ ಸಾಫ್ಟ್‌ವೇರ್. ಈಗ ಇರುವುದನ್ನಷ್ಟೇ ನಕಲು ಮಾಡುವ ಸಿಂಕ್ ಬೇರೆ, ಬ್ಯಾಕಪ್ ಬೇರೆ. ನಿಮ್ಮದು ಸೈನಾಲಜಿ ಕಂಪನಿಯದಾಗಿದ್ದರೆ ಅದರಲ್ಲೇ ಹೈಪರ್ ಬ್ಯಾಕಪ್ ಸಿಗುತ್ತದೆ, ಮೊದಲ ಸಲಕ್ಕೆ ಅದೇ ಸಾಕು. ನ್ಯಾಸ್ ಓಡಿಸುವ ಸಾಫ್ಟ್‌ವೇರ್ ಟ್ರೂನ್ಯಾಸ್, ಓಪನ್‌ಮೀಡಿಯಾವಾಲ್ಟ್ ಅಥವಾ ಸಾದಾ ಲಿನಕ್ಸ್ ಆಗಿದ್ದರೆ ರೆಸ್ಟಿಕ್ ಅಥವಾ ಬೋರ್ಗ್ ನೋಡಿ. ಎರಡೂ ಉಚಿತ. ನಾನು ರೆಸ್ಟಿಕ್ ಬಳಸುತ್ತೇನೆ. ಅದು ಫೈಲುಗಳನ್ನು ತುಂಡು ಮಾಡಿ, ಒಂದೇ ತುಂಡು ಎಷ್ಟು ಕಡೆ ಇದ್ದರೂ ಒಂದೇ ಸಲ ಇಟ್ಟುಕೊಳ್ಳುತ್ತದೆ. ಹಾಗಾಗಿ ಒಂದು ವರ್ಷದ ಪ್ರತಿಗಳನ್ನು ಇಟ್ಟರೂ ನನ್ನ ಡಿಸ್ಕಿನಲ್ಲಿ ಜಾಸ್ತಿ ಜಾಗ ಹಿಡಿದಿಲ್ಲ, ಫೋಟೊಗಳು ದಿನಾ ಬದಲಾಗುವುದಿಲ್ಲ ಅಲ್ವಾ. 7 ದಿನದ್ದು, 4 ವಾರದ್ದು, 12 ತಿಂಗಳದ್ದು ಉಳಿಸು ಎಂದು ಹೇಳಿಟ್ಟಿದ್ದೇನೆ. ನಾಮಕರಣದ ಫೋಲ್ಡರ್ ಹೋದಾಗ ಇದು ಇದ್ದಿದ್ದರೆ ಅದು ಹತ್ತು ನಿಮಿಷದ ಕೆಲಸ.

ನಿಮ್ಮ ನ್ಯಾಸ್ ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಮೇಲಿದ್ದರೆ ಸ್ನ್ಯಾಪ್‌ಶಾಟನ್ನೂ (ಒಂದು ಹೊತ್ತಿನಲ್ಲಿ ಫೈಲುಗಳು ಇದ್ದ ಸ್ಥಿತಿಯನ್ನು ಹಿಡಿದಿಡುವುದು) ಈಗಲೇ ಆನ್ ಮಾಡಿ. ಕೈತಪ್ಪಿ ಅಳಿಸಿದ್ದನ್ನು ವಾಪಸ್ ತರಲು ಅದಕ್ಕಿಂತ ಬೇಗದ ದಾರಿ ಇಲ್ಲ. ಆದರೆ ಅದು ಇರುವುದು ಅದೇ ಡಿಸ್ಕಿನ ಮೇಲೆ. ಪೆಟ್ಟಿಗೆ ಹೋದರೆ ಅದೂ ಹೋಯಿತು.

ಎರಡನೆಯ ಪ್ರಶ್ನೆಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್ ಎಂಬ ರ‍್ಯಾನ್ಸಮ್‌ವೇರ್ ಇಂಟರ್‌ನೆಟ್ಟಿಗೆ ತೆರೆದಿದ್ದ ಕ್ಯೂನ್ಯಾಪ್ ನ್ಯಾಸ್‌ಗಳಿಗೆ ನುಗ್ಗಿ, ಫೈಲುಗಳನ್ನು ಪಾಸ್‌ವರ್ಡ್ ಇರುವ 7-ಜಿಪ್ ಕಟ್ಟುಗಳಾಗಿ ಮಾಡಿ, ಬಿಡಿಸಲು 0.01 ಬಿಟ್‌ಕಾಯಿನ್ ಕೇಳಿತು. ಅದು ಒಳಗೆ ಬರಲು ಬಳಸಿದ ಒಂದು ದಾರಿ ಆ ನ್ಯಾಸ್‌ನ ಬ್ಯಾಕಪ್ ಸಾಫ್ಟ್‌ವೇರಿನಲ್ಲೇ ಇದ್ದ ದೋಷ. ಅದೇ ವರ್ಷ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಸಾಧನಗಳನ್ನು ಯಾರೋ ದೂರದಿಂದಲೇ ರೀಸೆಟ್ ಮಾಡಿ, ಲೋಕದ ಎಷ್ಟೋ ಮನೆಗಳ ಡೇಟಾ ಅಳಿಸಿಹಾಕಿದರು. ಆದ್ದರಿಂದ ನ್ಯಾಸ್‌ನ ಅಡ್ಮಿನ್ ಪುಟವನ್ನು ರೂಟರಿನಲ್ಲಿ ಪೋರ್ಟ್ ತೆರೆದು ಹೊರಗೆ ಬಿಡಬೇಡಿ. ಹೊರಗಿನಿಂದ ನೋಡಬೇಕಾದರೆ ವೈರ್‌ಗಾರ್ಡ್‌ನಂಥ ವಿಪಿಎನ್ ಹಾಕಿಕೊಳ್ಳಿ.

ಇಂಥ ಕಾಲದಲ್ಲಿ ನಿಮ್ಮನ್ನು ಉಳಿಸುವುದು ತಂತಿ ಬಿಚ್ಚಿಟ್ಟ ಡಿಸ್ಕ್. ನಾನು 4 ಟಿಬಿಯ ಎರಡು ಯುಎಸ್‌ಬಿ ಡಿಸ್ಕ್ ಇಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಒಂದನ್ನು ಚುಚ್ಚಿ, ಬ್ಯಾಕಪ್ ಮುಗಿದ ಮೇಲೆ ತೆಗೆದು ಬೀರುವಿನಲ್ಲಿ ಇಡುತ್ತೇನೆ. ಇನ್ನೊಂದು ಹಾಸನದಲ್ಲಿ ಅಕ್ಕನ ಮನೆಯಲ್ಲಿದೆ. ಹಬ್ಬಕ್ಕೆ ಹೋದಾಗ ಇದನ್ನು ಅಲ್ಲಿಟ್ಟು ಅದನ್ನು ತರುತ್ತೇನೆ. ಡಿಸ್ಕ್ ಸದಾ ಚುಚ್ಚಿದ್ದರೆ ಅದು ನ್ಯಾಸ್‌ನದೇ ಇನ್ನೊಂದು ಡಿಸ್ಕ್ ಇದ್ದ ಹಾಗೆ, ಒಳಗೆ ಬಂದವರು ಅದನ್ನೂ ಮುಟ್ಟುತ್ತಾರೆ. ಅಂಗಡಿಯಲ್ಲಿ ಸಿಗುವ ಚಿಕ್ಕ ಯುಎಸ್‌ಬಿ ಡಿಸ್ಕುಗಳಲ್ಲಿ ಹಲವು ಎಸ್‌ಎಂಆರ್ ಬಗೆಯವು, ಅಂದರೆ ಡೇಟಾದ ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವಂಥವು. ಒಂದೇ ಸಮ ಬರೆಯುತ್ತಾ ಹೋದರೆ ನಿಧಾನವಾಗುತ್ತವೆ. ವಾರಕ್ಕೊಮ್ಮೆ ಬ್ಯಾಕಪ್‌ಗೆ ಏನೂ ತೊಂದರೆಯಿಲ್ಲ, ಆದರೆ ಅಂಥದ್ದನ್ನು ನ್ಯಾಸ್ ಒಳಗಿನ ಮಿರರ್‌ಗೆ ಹಾಕಬೇಡಿ.

ಪೀಟರ್ ಕ್ರೋಗ್ ಎಂಬ ಫೋಟೊಗ್ರಾಫರ್ ಹೇಳಿ ಜನಪ್ರಿಯವಾದ 3-2-1 ಲೆಕ್ಕ ಕೇಳಿರುತ್ತೀರಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ಮನೆಯ ಹೊರಗಿನ ಒಂದು ಪ್ರತಿಯನ್ನು ಬಿಡಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ವರ್ ಮತ್ತು ಬ್ಯಾಕಪ್ ಎರಡನ್ನೂ ಅದೇ ಜಾಗದಲ್ಲಿ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ನಮ್ಮ ಕಡೆ ಮುಂಗಾರಿಗೆ ಮುಂಚೆ ಬರುವ ಗುಡುಗು ಸಿಡಿಲಿನ ಮಳೆಯೊಂದೇ ಸಾಕು, ಒಂದೇ ಪ್ಲಗ್ಗಿನ ಸಾಲಿನಲ್ಲಿ ಇರುವುದೆಲ್ಲ ಸುಡಲು.

ಇನ್ನು ಕ್ಲೌಡ್. ಪೂರಾ 2 ಟಿಬಿ ಕಳಿಸುವ ಮುಂಚೆ ಲೆಕ್ಕ ಹಾಕಿ. 40 ಎಂಬಿಪಿಎಸ್ ಅಪ್‌ಲೋಡ್ ಪೂರ್ತಿ ಸಿಕ್ಕರೂ 2 ಟಿಬಿ ಹೋಗಲು ನಾಲ್ಕೂವರೆ ದಿನದ ಮೇಲೆ ಬೇಕು. ತಿಂಗಳ ಬಾಡಿಗೆ ಒಂದು ಕಡೆ, ವಾಪಸ್ ಇಳಿಸಿಕೊಳ್ಳುವ ಖರ್ಚು ಇನ್ನೊಂದು ಕಡೆ. ಅಮೆಜಾನ್‌ನ ಗ್ಲೇಸಿಯರ್ ಡೀಪ್ ಆರ್ಕೈವ್ ಇಡಲು ತುಂಬಾ ಅಗ್ಗ, ಆದರೆ ತೆಗೆಯುವಾಗ 12ರಿಂದ 48 ಗಂಟೆ ಕಾಯಬೇಕು, ಅದಕ್ಕೆ ಬೇರೆ ದುಡ್ಡು. ಸಿನಿಮಾ, ಮತ್ತೆ ಸಿಗುವ ಡೌನ್‌ಲೋಡುಗಳನ್ನು ಬಿಟ್ಟು, ಮತ್ತೆ ಎಲ್ಲೂ ಸಿಗದ್ದನ್ನು ಮಾತ್ರ ಕಳಿಸಿ. ನನ್ನದು ಹಾಗೆ ಆರಿಸಿದಾಗ 300 ಜಿಬಿಗೆ ಇಳಿಯಿತು. ಬ್ಯಾಕ್‌ಬ್ಲೇಜ್ ಬಿ2, ಅಮೆಜಾನ್ ಎಸ್3 ಎಂಬ ಕ್ಲೌಡ್ ಸೇವೆ ಎರಡರಲ್ಲೂ ಆಬ್ಜೆಕ್ಟ್ ಲಾಕ್ ಇದೆ. ಅದನ್ನು ಕಂಪ್ಲಯನ್ಸ್ ಎಂಬ ಬಿಗಿ ಬಗೆಯಲ್ಲಿ ಹಾಕಿದರೆ ನೀವು ಹೇಳಿದಷ್ಟು ದಿನ ಆ ಫೈಲನ್ನು ಅಳಿಸಲು ಆಗುವುದಿಲ್ಲ, ನ್ಯಾಸ್‌ನಿಂದ ಕೀ ಕದ್ದವನಿಗೂ.

ನನ್ನ ಅಕ್ಕನ ಮನೆಯಂಥ ಬೇರೆ ಜಾಗದಲ್ಲಿ ಇಡಲು ಇನ್ನೊಂದು ನ್ಯಾಸ್ ಕೊಳ್ಳುವುದು ಒಳ್ಳೆಯದೇ, ಆದರೆ ಅಲ್ಲಿ ಕರೆಂಟು ಹೋದಾಗ, ರೂಟರ್ ಬದಲಾದಾಗ ನೋಡಿಕೊಳ್ಳುವವರು ಬೇಕು. ನಿಮ್ಮ 2 ಟಿಬಿಗೆ ಈಗ ಅದು ಬೇಡ.

ಪಾಸ್‌ವರ್ಡ್ ಬಗ್ಗೆ ಒಂದು ಮಾತು. ರೆಸ್ಟಿಕ್ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡುತ್ತದೆ, ಪಾಸ್‌ವರ್ಡ್ ಕಳೆದರೆ ಡೇಟಾ ಯಾರಿಂದಲೂ ತೆಗೆಯಲು ಆಗದು. ಅದನ್ನು ನ್ಯಾಸ್‌ನಲ್ಲಷ್ಟೇ ಬರೆದಿಟ್ಟರೆ ನ್ಯಾಸ್ ಹೋದ ದಿನ ಅದೂ ಹೋಗುತ್ತದೆ. ನಾನು ಕಾಗದದಲ್ಲಿ ಬರೆದು ಮನೆಪತ್ರದ ಜೊತೆ ಇಟ್ಟಿದ್ದೇನೆ. ಹೆಂಡತಿಗೂ ಅಕ್ಕನಿಗೂ ಗೊತ್ತಿದೆ. ನಾನಿಲ್ಲದಾಗ ಆ ಫೋಟೊಗಳು ಬೇಕಾಗುವುದು ಅವರಿಗೆ ತಾನೇ.

ಮೂರನೆಯ ಪ್ರಶ್ನೆಗೆ ಪ್ರೋಗ್ರಾಮರುಗಳ ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಕಥೆ ನೋಡಿ. 2017ರ ಜನವರಿ 31ರಂದು ಅವರ ಎಂಜಿನಿಯರೊಬ್ಬರು ಕೈತಪ್ಪಿ ಮುಖ್ಯ ಡೇಟಾಬೇಸ್ ಅಳಿಸಿದರು. ಬ್ಯಾಕಪ್‌ಗೆಂದು ಐದು ಬಗೆಯ ಏರ್ಪಾಡು ಇತ್ತು, ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ದಿನದ ಡಂಪ್ (ಡೇಟಾಬೇಸಿನಲ್ಲಿ ಇರುವುದೆಲ್ಲದರ ಪ್ರತಿ) ತೆಗೆಯುವ ಪ್ರೋಗ್ರಾಮಿನ ಆವೃತ್ತಿ ಹೊಂದದೆ ಅದು ಸುಮ್ನೆ ವಿಫಲವಾಗುತ್ತಿತ್ತು. ಹಾಗಾಗಿದೆ ಎಂದು ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಇದ್ದದ್ದರಿಂದ ಉಳಿದರು. ಇಷ್ಟನ್ನೂ ಅವರೇ ಮುಚ್ಚಿಡದೆ ಬರೆದು ಪ್ರಕಟಿಸಿದರು, ಅದಕ್ಕೆ ಅವರ ಬಗ್ಗೆ ನನಗೆ ಗೌರವ.

ಹಾಗಾಗಿ ಮೂರು ತಿಂಗಳಿಗೊಮ್ಮೆ ನಾನು ಲ್ಯಾಪ್‌ಟಾಪಿಗೆ ಡಿಸ್ಕ್ ಚುಚ್ಚಿ, ನ್ಯಾಸ್ ಇಲ್ಲವೇ ಇಲ್ಲ ಎಂದುಕೊಂಡು, ಹಳೆಯದೊಂದು ಫೋಲ್ಡರ್ ವಾಪಸ್ ತೆಗೆದು ತೆರೆದು ನೋಡುತ್ತೇನೆ. ರೆಸ್ಟಿಕ್‌ನ ಚೆಕ್ ಕಮಾಂಡಿಗೆ ಡೇಟಾದ ಹತ್ತರಲ್ಲೊಂದು ಭಾಗವನ್ನು ಓದಿ ಪರೀಕ್ಷಿಸು ಎಂದೂ ಹೇಳಬಹುದು. ನ್ಯಾಸ್‌ನಲ್ಲಿ ಇಮಿಚ್‌ನಂಥ ಫೋಟೊ ಆ್ಯಪ್ ಓಡಿಸುತ್ತಿದ್ದರೆ ಅದರ ಡೇಟಾಬೇಸಿನ ಡಂಪ್ ಕೂಡ ಬ್ಯಾಕಪ್‌ನಲ್ಲಿ ಇದೆಯಾ ನೋಡಿ. ಓಡುತ್ತಿರುವ ಡೇಟಾಬೇಸಿನ ಫೈಲುಗಳನ್ನು ಹಾಗೇ ಕಾಪಿ ಮಾಡಿದರೆ ವಾಪಸ್ ಹಾಕಿದಾಗ ತೆರೆಯದೆ ಹೋಗಬಹುದು.

ದುಡ್ಡು ಒಂದೇ ಸಲ ಹೊಂದದಿದ್ದರೆ ಈ ವಾರ ಒಂದು 4 ಟಿಬಿ ಡಿಸ್ಕ್ ತಂದು ಮೊದಲ ಬ್ಯಾಕಪ್ ಮುಗಿಸಿ. ಎರಡನೆಯ ಡಿಸ್ಕ್ ಮುಂದಿನ ತಿಂಗಳು, ಕ್ಲೌಡ್ ಆಮೇಲೆ. ನ್ಯಾಸ್ ಯಾವ ಕಂಪನಿಯದು, ಮನೆಯ ಅಪ್‌ಲೋಡ್ ವೇಗ ಎಷ್ಟು ಎಂದು ಇಲ್ಲಿ ಹಾಕಿ. ಯಾವ ಸೆಟ್ಟಿಂಗ್ ಎಲ್ಲಿದೆ ಎಂದು ನೋಡಿ ಹೇಳುತ್ತೇನೆ.