ನೆಟ್ ವೈರ್ ಕಿತ್ತಿಟ್ಟು ವಿಂಡೋಸ್ 10ನ್ನೇ ಮುಂದುವರಿಸಬಹುದೇ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಹಳೆ ಅಂಗಡಿಯೇ ಕಣ್ಣ ಮುಂದೆ ಬಂತು. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸ, ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹನ್ನೊಂದು ವರ್ಷದ ಫೈಲುಗಳು, ಬೆಂಬಲ ಮುಗಿದ ವಿಂಡೋಸ್ 10, ವಿಂಡೋಸ್ 11 ಹಿಡಿಯದ ಕಂಪ್ಯೂಟರ್, "ನೆಟ್ ಕೊಡದಿದ್ದರೆ ಆಯ್ತಲ್ಲ" ಅನ್ನುವ ಧೈರ್ಯ. ಇದೇ ಮಾತನ್ನು ನಾನು 2014ರಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ ಬಗ್ಗೆ ಆಡಿದ್ದೆ.

ಗದಗಿನಲ್ಲಿ ನನ್ನದೊಂದು ಸಣ್ಣ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ವರ್ಷಕ್ಕೆ ಒಂದೆರಡು ಪುಸ್ತಕ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ಪುಟ ಜೋಡಿಸುವ ನನ್ನ ಪೇಜ್‌ಮೇಕರ್ 7, ನುಡಿ, ಹಳೆ ಸ್ಕ್ಯಾನರಿನ ಡ್ರೈವರ್ ಎಲ್ಲ ಅದರಲ್ಲೇ ಕೂತಿದ್ದವು. ನೆಟ್ ವೈರ್ ಕಿತ್ತು ಸುತ್ತಿಟ್ಟೆ. ನಾಲ್ಕು ವರ್ಷ ಏನೂ ಆಗಲಿಲ್ಲ. ಆ ನಾಲ್ಕು ವರ್ಷ ನಾನು ಮಾಡಿದ್ದು ಸರಿಯೇ ಇತ್ತು, ಈಗಲೂ ಹಾಗೇ ಹೇಳುತ್ತೇನೆ.

2018ರಲ್ಲಿ ಇನ್ನೊಂದು ಕಂಪ್ಯೂಟರ್ ತಂದೆ, ವಿಂಡೋಸ್ 10ದು. ಜಿಎಸ್‌ಟಿ ಬಿಲ್ಲಿಗೆ, ಗಿರಾಕಿಗಳ ಮೇಲ್ ನೋಡಲಿಕ್ಕೆ. ಮೇಲ್‌ನಲ್ಲಿ ಬಂದ ಮ್ಯಾಟರ್ ಪೆನ್‌ಡ್ರೈವಿಗೆ ಹಾಕು, ಹಳೆಯದಕ್ಕೆ ಚುಚ್ಚು, ಪಿಡಿಎಫ್ ತಗೊಂಡು ಮತ್ತೆ ಇತ್ತ ಬಾ. ಸೀಜನ್ನಿನಲ್ಲಿ ದಿನಕ್ಕೆ ನಲವತ್ತು ಸಲ. ಬೇಸತ್ತು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ತಂದು ಎರಡಕ್ಕೂ ಕೇಬಲ್ ಎಳೆದೆ. ನೆಟ್ ಹೊಸದಕ್ಕೆ ಮಾತ್ರ, ಹಳೆಯದಕ್ಕೆ ಬರೀ ಫೈಲ್ ಶೇರಿಂಗ್.

ತಪ್ಪಾದದ್ದು ಇಲ್ಲಿ. ಇದನ್ನು ಬಿಡಿಸಿಯೇ ಹೇಳಬೇಕು.

ಹೊಸ ಕಂಪ್ಯೂಟರ್ ಹಳೆಯದನ್ನು ತೋರಿಸಲೇ ಇಲ್ಲ. ಕಾರಣ, ಎಕ್ಸ್‌ಪಿ ಫೈಲ್ ಹಂಚಿಕೊಳ್ಳುವುದು ಎಸ್‌ಎಂಬಿ 1 ಅನ್ನುವ ಹಳೆ ಪದ್ಧತಿಯಲ್ಲಿ ಮಾತ್ರ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಜಗತ್ತಿನ ತುಂಬ ಹರಡಿದ್ದು ಅದರ ಒಂದು ಬಿರುಕಿನಿಂದ. ಆವಾಗ ಮೈಕ್ರೋಸಾಫ್ಟ್, ಮೂರು ವರ್ಷದ ಹಿಂದೆಯೇ ಕೈಬಿಟ್ಟ ಎಕ್ಸ್‌ಪಿಗೂ ತುರ್ತಾಗಿ ಪ್ಯಾಚ್ ಬಿಟ್ಟಿತ್ತು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಎಸ್‌ಎಂಬಿ 1ನ್ನು ಕೈಬಿಡಲು ಶುರುಮಾಡಿದರು: ಕೆಲವದರಲ್ಲಿ ಅದು ಬರುವುದೇ ಇಲ್ಲ, ಕೆಲವದರಲ್ಲಿ ಬಳಸದಿದ್ದರೆ ತಾನಾಗಿ ಹೋಗುತ್ತದೆ. ಅಂದರೆ ಹೊಸ ಕಂಪ್ಯೂಟರ್ ಬೇಕಂತಲೇ ಬಾಗಿಲು ಮುಚ್ಚಿತ್ತು. ನಾನು ಒಂದು ವಿಡಿಯೋ ನೋಡಿ, ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಎಸ್‌ಎಂಬಿ 1ರ ಮುಂದೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ ಆ ಬಾಗಿಲು ತೆಗೆದೆ. ಹಳೆಯದರ ಡಿ ಡ್ರೈವ್ ಪೂರ್ತಿ ಶೇರ್ ಮಾಡಿದೆ, ಪಾಸ್‌ವರ್ಡ್ ಇಲ್ಲದೆ, ಬರೆಯುವ ಅಳಿಸುವ ಹಕ್ಕು ಎಲ್ಲ ಕೊಟ್ಟು. ಬ್ಯಾಕಪ್ ಹಾರ್ಡ್ ಡಿಸ್ಕ್ ಸದಾ ಅದಕ್ಕೇ ಚುಚ್ಚಿರುತ್ತಿತ್ತು, ಅದನ್ನೂ ಶೇರ್ ಮಾಡಿದೆ. ಹೊಸದರಲ್ಲಿ ಎರಡಕ್ಕೂ ಡ್ರೈವ್ ಅಕ್ಷರ ಕೊಟ್ಟು ಮ್ಯಾಪ್ ಮಾಡಿದೆ. ಅಲ್ಲಿಂದ ಮುಂದೆ ನನ್ನ "ನೆಟ್ ಇಲ್ಲದ" ಕಂಪ್ಯೂಟರಿಗೂ ಇಂಟರ್ನೆಟ್ಟಿಗೂ ನಡುವೆ ಇದ್ದದ್ದು ಒಂದು ಗೇಣು ಕೇಬಲ್. ಆದರೂ ಅದು ಬೇರೆ, ಇದು ಬೇರೆ ಅಂತಲೇ ನಂಬಿಕೊಂಡಿದ್ದೆ.

2019ರ ನವೆಂಬರ್‌ನ ಒಂದು ಸೋಮವಾರ ಕೆಲಸದ ಹುಡುಗ ಕೂಗಿದ: "ಅಣ್ಣಾರ, ಒಂದೂ ಫೈಲ್ ಓಪನ್ ಆಗವಲ್ದು." ಎಲ್ಲ ಫೈಲಿನ ಹೆಸರಿನ ಕೊನೆಗೆ ಗುರುತಿಲ್ಲದ ನಾಲ್ಕಕ್ಷರ. ಜೊತೆಗೊಂದು ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490. ಹೊಸ ಕಂಪ್ಯೂಟರಿನಲ್ಲಿ ಯಾವುದೋ ಕ್ರ್ಯಾಕ್ ಸಾಫ್ಟ್‌ವೇರ್ ಇಳಿಸಿದಾಗ ಬಂದ ರ್‍ಯಾನ್ಸಮ್‌ವೇರ್ ಅದು. ಕಣ್ಣಿಗೆ ಕಂಡ ಡ್ರೈವನ್ನೆಲ್ಲ ಅದು ಬೀಗ ಹಾಕುತ್ತ ಹೋಗಿತ್ತು. ಹಳೆಯದರ ಡಿ ಡ್ರೈವ್ ಹೋಯಿತು, ಬ್ಯಾಕಪ್ಪೂ ಹೋಯಿತು. ಹುಡುಗನನ್ನು ನಾನು ಬೈಯಲಿಲ್ಲ. ದಾರಿ ಮಾಡಿಟ್ಟವನು ನಾನು.

ಲಗ್ನಪತ್ರಿಕೆ ಹೋದರೆ ಹೋಗಲಿ. ಆ ಡಿ ಡ್ರೈವಿನಲ್ಲಿ ನಿವೃತ್ತ ಮಾಸ್ತರರೊಬ್ಬರ ಪುಸ್ತಕವಿತ್ತು, ಅವರ ಊರಿನ ಇತಿಹಾಸ, 212 ಪುಟ. ಮೂರನೇ ಪ್ರೂಫ್ ತಿದ್ದಿ ಮುಗಿದಿತ್ತು. ಅವರ ಮನೆಗೆ ಹೋಗಿ ಹೇಳುವಾಗ ನನಗೆ ಬಾಯಿ ಬರಲಿಲ್ಲ. ಅವರು ಒಳಗೆ ಹೋಗಿ ಕೆಂಪು ಶಾಯಿಯಲ್ಲಿ ತಿದ್ದಿದ ಎರಡನೇ ಪ್ರೂಫಿನ ಕಟ್ಟು ತಂದಿಟ್ಟು, "ಇದು ಐತಲ್ಲ ತಮ್ಮಾ, ಮತ್ತ ಕುಟ್ಟು" ಅಂದರು. ರಾತ್ರಿ ಕೂತು ಮೂರು ತಿಂಗಳು ಕುಟ್ಟಿದೆ, ಈ ಸಲ ಎಲ್ಲ ಕಂಪ್ಯೂಟರಿನಲ್ಲೂ ತೆರೆದು ಓದಬಹುದಾದ ಯುನಿಕೋಡ್‌ನಲ್ಲಿ.

ಕುಟ್ಟುವಾಗಲೇ ನನಗೆ ತಿಳಿದದ್ದು, ನಿಮ್ಮ ಪ್ರಶ್ನೆಯಾಗಲಿ ಆವತ್ತಿನ ನನ್ನ ಪ್ರಶ್ನೆಯಾಗಲಿ ತಪ್ಪು ಜಾಗದಲ್ಲಿದೆ. ಯಾವ ವಿಂಡೋಸ್ ಅನ್ನುವುದಲ್ಲ ಮಾತು. ನಮ್ಮನ್ನು ಹಿಡಿದಿಟ್ಟಿರುವುದು ಹಳೆ ಆಸ್ಕಿ ಫಾಂಟಿನ ಫೈಲುಗಳು. ಅವುಗಳಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ತುಂಡುಗಳು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಕಲಸುಮೇಲೋಗರ, ಹುಡುಕಿದರೆ ಒಂದು ಪದ ಸಿಗುವುದಿಲ್ಲ. ಫೈಲು ಒಂದೇ ಕಂಪ್ಯೂಟರಿನಲ್ಲಿ ಬಂದಿ ಆಗಿದ್ದರಿಂದಲೇ ನಾನು ಆ ಕೇಬಲ್ ಎಳೆದದ್ದು.

ವಿಂಡೋಸ್ 10 ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುವ ಯೋಜನೆ ಇದೆ, ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಳ್ಳಬೇಕು. ಅದು ನಿಮಗೆ ಸಿಕ್ಕ ಗಡುವು ಅಂದುಕೊಳ್ಳಿ, ಪರಿಹಾರ ಅಂದುಕೊಳ್ಳಬೇಡಿ. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಇಲ್ಲದ ಹಳೆ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ತುರುಕುವುದೂ ನನಗೆ ಸರಿ ಕಾಣುವುದಿಲ್ಲ, ಅಂಗಡಿ ನಡೆಸುವವರಂತೂ ಬೇಡ. ನೆಟ್ ಇಲ್ಲದೆ ಇಡುವುದಾದರೆ ಪೂರ್ತಿ ಇಲ್ಲದೆ ಇಡಿ: ಕೇಬಲ್ ಇಲ್ಲ, ವೈಫೈ ಇಲ್ಲ, ಶೇರಿಂಗ್ ಇಲ್ಲ. ಬ್ಯಾಕಪ್ ಡಿಸ್ಕ್ ಕಾಪಿ ಆದ ತಕ್ಷಣ ಕಿತ್ತು ಬೀರುವಿನಲ್ಲಿ. ನನ್ನ ಎಕ್ಸ್‌ಪಿ ಈಗ ಹೊಸ ಕಂಪ್ಯೂಟರಿನ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ತಂತ್ರಾಂಶ) ಒಳಗಿದೆ, ನೆಟ್‌ವರ್ಕ್ ಅಡಾಪ್ಟರ್ ಬಂದ್. ಹಳೆ ಪೇಜ್‌ಮೇಕರ್ ಫೈಲು ತೆರೆಯಲು ಮಾತ್ರ.

ಉಳಿದ ದಿನಗಳಲ್ಲಿ ಪರಿವರ್ತಕ ಹಾಕಿ ಫೈಲುಗಳನ್ನು ಯುನಿಕೋಡ್ ಮಾಡಿ. ಮತ್ತೆ ಕುಟ್ಟಲಾಗದವು ಮೊದಲು: ಪುಸ್ತಕ, ಸ್ಮರಣ ಸಂಚಿಕೆ, ತೀರಿಹೋದವರ ಬರಹ. ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಕಳಚಿಕೊಳ್ಳುತ್ತದೆ, ಹಾಗಾಗಿ ಹಳೆಯ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಓದಲೇಬೇಕು. ನಾನು ದಿನಕ್ಕೆರಡು ಫೈಲು ಅಂತ ಮಾಡಿದೆ. ನಿಮ್ಮವು ಯಾವ ಫಾಂಟಿನಲ್ಲಿವೆ, ವರ್ಡ್‌ನಲ್ಲೋ ಪೇಜ್‌ಮೇಕರ್‌ನಲ್ಲೋ ಅಂತ ಕೆಳಗೆ ಬರೆಯಿರಿ. ನಾನು ಎಲ್ಲೆಲ್ಲಿ ಎಡವಿದೆ ಅನ್ನುವುದನ್ನು ಬರೆದಿಟ್ಟ ನೋಟ್‌ಬುಕ್ ಇದೆ, ನೋಡಿ ಹೇಳುತ್ತೇನೆ.