ಅಪ್ಪ-ಅಮ್ಮನ ಜೊತೆ ಪೆರುವಿಗೆ: ಮೊದಲು ಎತ್ತರ ನೋಡಿ, ಆಮೇಲೆ ಊರು

ಪ್ರಶ್ನೆ: ಬರುವ ಜೂನ್‌ನಲ್ಲಿ ಅಪ್ಪ-ಅಮ್ಮನನ್ನು ಪೆರು ದೇಶಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅಪ್ಪನಿಗೆ 64 ವರ್ಷ, ಬಿಪಿ ಮಾತ್ರೆ ತಗೋತಾರೆ. ಅಮ್ಮನಿಗೆ 59. ಕೈಯಲ್ಲಿರೋದು ಹತ್ತು ದಿನ. ಏಜೆಂಟ್ ಕೊಟ್ಟ ಪ್ಲಾನ್ ಹೀಗಿದೆ: ಲಿಮಾದಲ್ಲಿ ಇಳಿದ ಮರುದಿನವೇ ಕುಸ್ಕೊ, ಅದರ ಮರುದಿನ ರೇನ್‌ಬೋ ಮೌಂಟನ್, ಆಮೇಲೆ ಮಾಚು ಪಿಚು, ಟಿಟಿಕಾಕಾ ಸರೋವರ, ನಾಜ್ಕಾ ರೇಖೆಗಳು, ಕೊನೆಗೆ ಅಮೆಜಾನ್ ಕಾಡು. ಇದು ಆಗುತ್ತಾ? ನಾವು ಸಸ್ಯಾಹಾರಿಗಳು. ಊಟ ಸಿಗುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಆದರೆ ಈ ಪ್ಲಾನ್ ಮಾತ್ರ ಬೇಡ. ಇದನ್ನು ಮಾಡಿದವರು ಮ್ಯಾಪ್ ನೋಡಿದ್ದಾರೆ, ಎತ್ತರ ನೋಡಿಲ್ಲ.

ಲಿಮಾ ಸಮುದ್ರದ ದಡದ ಊರು. ಅಲ್ಲಿಂದ ಒಂದೂಕಾಲು ಗಂಟೆ ವಿಮಾನದಲ್ಲಿ ಕೂತರೆ ನೇರ 3,400 ಮೀಟರ್ ಎತ್ತರದ ಕುಸ್ಕೊದಲ್ಲಿ ಇಳಿಯುತ್ತೀರಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆನೋವು, ವಾಕರಿಕೆ, ರಾತ್ರಿ ನಿದ್ದೆ ಬಾರದಿರುವುದು ಅಲ್ಲಿ ತುಂಬಾ ಜನರಿಗೆ ಆಗುತ್ತದೆ. ಗಟ್ಟಿಮುಟ್ಟಾಗಿರುವ ಹುಡುಗರನ್ನೂ ಅದು ಬಿಡುವುದಿಲ್ಲ. ಅಂಥದ್ದರಲ್ಲಿ ಮರುದಿನವೇ 5,000 ಮೀಟರ್ ದಾಟುವ ರೇನ್‌ಬೋ ಮೌಂಟನ್ ಹತ್ತಿಸುವುದು ಸರಿಯಲ್ಲ. ಫೋಟೊದಲ್ಲಿ ಎಷ್ಟೇ ಚೆನ್ನಾಗಿರಲಿ, ನಿಮ್ಮ ತಂದೆಯವರಿಗೆ ಅದು ಬೇಡವೇ ಬೇಡ.

ಸ್ಪೇನಿನವರು ಬರುವ ಮೊದಲು ಇಲ್ಲಿ ಆಳಿದ ಇಂಕಾಗಳ ಪಾಳು ನಗರ ಮಾಚು ಪಿಚು ಇರುವುದು ಸುಮಾರು 2,430 ಮೀಟರ್‌ನಲ್ಲಿ. ಅಂದರೆ ಕುಸ್ಕೊಗಿಂತ ಹೆಚ್ಚುಕಡಿಮೆ ಸಾವಿರ ಮೀಟರ್ ಕೆಳಗೆ. ಹಾಗಾಗಿ ಪ್ಲಾನನ್ನು ತಿರುಗಿಸಿಬಿಡಿ. ಲಿಮಾದಲ್ಲಿ ಎರಡು ದಿನ ಸುಧಾರಿಸಿಕೊಳ್ಳಿ, ನಮಗೂ ಅವರಿಗೂ ಹತ್ತೂವರೆ ಗಂಟೆ ವ್ಯತ್ಯಾಸ ಇದೆಯಲ್ಲ. ಕುಸ್ಕೊದಲ್ಲಿ ವಿಮಾನ ಇಳಿದ ಮೇಲೆ ಅಲ್ಲಿ ಉಳಿಯಬೇಡಿ. ಟ್ಯಾಕ್ಸಿ ಹಿಡಿದು ಸೇಕ್ರೆಡ್ ವ್ಯಾಲಿಗೆ ಇಳಿಯಿರಿ. ದಾರಿ ಎರಡು ಗಂಟೆಯಷ್ಟು.

ಆ ಕಣಿವೆಯ ಓಯಾಂತಾಯ್‌ತಾಂಬೊ ಊರಿನಲ್ಲಿ ಎರಡು ರಾತ್ರಿ ಇರಿ. ಎತ್ತರ ಸುಮಾರು 2,800 ಮೀಟರ್. ಹೆಚ್ಚಿನವರು ಇದನ್ನು ಸುಮ್ನೆ ರೈಲು ಹತ್ತುವ ಜಾಗ ಅಂದುಕೊಂಡು ದಾಟಿ ಹೋಗುತ್ತಾರೆ. ನನಗಂತೂ ಇದು ಪೆರುವಿನ ಅತಿ ಇಷ್ಟದ ಊರು. ಇಂಕಾಗಳ ಕಾಲದಲ್ಲಿ ಹಾಕಿದ ಬೀದಿಗಳಲ್ಲೇ ಜನ ಇವತ್ತಿಗೂ ಓಡಾಡುತ್ತಾರೆ, ಆ ಗೋಡೆಗಳ ಮೇಲೇ ಮನೆ ಕಟ್ಟಿಕೊಂಡಿದ್ದಾರೆ. ಓಣಿಯ ಪಕ್ಕದ ಕಲ್ಲಿನ ಕಾಲುವೆಯಲ್ಲಿ ಬೆಟ್ಟದ ನೀರು ಹರಿಯುತ್ತಿರುತ್ತದೆ. ಊರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗದ್ದೆಗಳು. ತುದಿಯಲ್ಲಿ ಅರ್ಧಕ್ಕೇ ನಿಂತ ದೇವಾಲಯದ ಆರು ದೊಡ್ಡ ಬಂಡೆಗಳಿವೆ. ಕಣಿವೆಯ ಆಚೆ ಬದಿಯ ಗಣಿಯಿಂದ, ನದಿ ದಾಟಿಸಿ ತಂದವು. ಅಮ್ಮ ಮೇಲೆ ಹತ್ತದಿದ್ದರೂ ಪರವಾಗಿಲ್ಲ, ಬೀದಿಯಲ್ಲಿ ಅಡ್ಡಾಡಿದರೂ ನೋಡುವುದು ಬೇಕಾದಷ್ಟಿದೆ.

ಅಲ್ಲಿಂದ ರೈಲು. ಉರುಬಾಂಬಾ ನದಿಯ ದಡದಲ್ಲೇ ಹೋಗಿ ಎರಡು ಗಂಟೆಯೊಳಗೆ ಮಾಚು ಪಿಚುವಿನ ಬುಡದ ಊರಾದ ಅಗ್ವಾಸ್ ಕಲಿಯೆಂತೆಸ್ ತಲುಪಿಸುತ್ತದೆ. ರೈಲಿನಲ್ಲಿ ದೊಡ್ಡ ಸೂಟ್‌ಕೇಸ್ ಬಿಡುವುದಿಲ್ಲ, ಹೋಟೆಲ್‌ನಲ್ಲೇ ಇಟ್ಟು ಹೋಗಿ. ಆ ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ಬಸ್ಸಿನಲ್ಲಿ ಮೇಲೆ ಮಾಚು ಪಿಚುವಿಗೆ ಹೋಗಿ. ಒಳಗೆ ಶೌಚಾಲಯ ಇಲ್ಲ. ಕಲ್ಲಿನ ಮೆಟ್ಟಿಲುಗಳು ಜಾಸ್ತಿ, ಹಲವು ಕಡೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಈಗ ಟಿಕೆಟ್‌ನಲ್ಲೇ ಸಮಯ ಮತ್ತು ನಡೆಯುವ ದಾರಿ (ಸರ್ಕ್ಯೂಟ್) ಎರಡೂ ನಿಗದಿಯಾಗಿರುತ್ತವೆ. ಮೊಣಕಾಲು ಗಟ್ಟಿಯಿದ್ದರೆ ಎರಡನೇ ಸರ್ಕ್ಯೂಟ್ ತಗೊಳ್ಳಿ, ಮೇಲಿಂದ ಕಾಣುವ ಆ ಹೆಸರಾಂತ ನೋಟವೂ ಸಿಗುತ್ತದೆ, ಊರೊಳಗಿನ ಓಡಾಟವೂ ಆಗುತ್ತದೆ. ಮೆಟ್ಟಿಲು ಕಷ್ಟ ಅನ್ನುವವರಿಗೆ ಮೂರನೆಯದು ಸುಲಭ. ಟಿಕೆಟ್‌ನಲ್ಲಿರುವ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು, ಅಸಲಿ ಪಾಸ್‌ಪೋರ್ಟ್ ಜೊತೆಗಿರಬೇಕು. ಜೂನ್ ಭಾರೀ ಸೀಸನ್. ಹಾಗಾಗಿ ಮೊದಲು ಈ ಟಿಕೆಟ್, ಆಮೇಲೆ ರೈಲು, ಆಮೇಲೆ ಹೋಟೆಲ್.

ಕುಸ್ಕೊವನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟೊತ್ತಿಗೆ ದೇಹ ಒಗ್ಗಿರುತ್ತದೆ, ಮೂರು ದಿನ ನಿಧಾನವಾಗಿ ನೋಡಬಹುದು. ಜೂನ್ 24ಕ್ಕೆ ಅಲ್ಲಿ ಇಂತಿ ರೈಮಿ, ಸೂರ್ಯನ ಹಬ್ಬ. ನೋಡುವಂಥದ್ದು, ಆದರೆ ಆ ವಾರ ರೂಮಿನ ಬೆಲೆ ಏರಿರುತ್ತದೆ. ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ. ಸ್ವೆಟರ್ ಮರೆಯಬೇಡಿ.

ಟಿಟಿಕಾಕಾ 3,800 ಮೀಟರ್ ಮೇಲಿದೆ. ನಾಜ್ಕಾ ಲಿಮಾದಿಂದ ಬಸ್ಸಿನಲ್ಲಿ ಏಳು ಗಂಟೆ ಇದೆ. ಅಮೆಜಾನ್‌ಗೇ ಬೇರೆ ಮೂರು ದಿನ ಬೇಕು. ಈ ಸಲ ಮೂರನ್ನೂ ಬಿಡಿ.

ಹೊರಡುವ ಮುಂಚೆ ಅಪ್ಪನ ಡಾಕ್ಟರ ಹತ್ತಿರ ಎರಡು ವಿಷಯ ಮಾತಾಡಿ. ಒಂದು, ಎತ್ತರಕ್ಕೆ ಕೊಡುವ ಅಸೆಟಜೋಲಮೈಡ್ ಮಾತ್ರೆ. ಬಿಪಿ ಮಾತ್ರೆಯ ಜೊತೆ ಅದು ಆಗುತ್ತದೋ ಇಲ್ಲವೋ ಅವರೇ ಹೇಳಬೇಕು, ಸ್ನೇಹಿತರ ಮಾತು ಕೇಳಿ ನುಂಗಿಸಬೇಡಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ನಡಿಗೆ ತಡವರಿಸಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ, ಕೆಳಗೆ ಇಳಿಯಿರಿ. ಹೋಟೆಲ್‌ನಲ್ಲಿ ಕೊಡುವ ಕೋಕಾ ಎಲೆಯ ಟೀ ಅಲ್ಲೇ ಕುಡಿಯಿರಿ. ಎಲೆಯನ್ನು ಊರಿಗೆ ತರಬೇಡಿ, ಇಲ್ಲಿ ಅದು ಮಾದಕವಸ್ತು ಕಾನೂನಿಗೆ ಬರುತ್ತದೆ.

ಎರಡನೆಯದನ್ನು ಏಜೆಂಟರು ಎಷ್ಟೋ ಸಲ ಹೇಳುವುದೇ ಇಲ್ಲ: ಸೊಳ್ಳೆಯಿಂದ ಹರಡುವ ಯೆಲ್ಲೋ ಫೀವರ್ ರೋಗದ ಲಸಿಕೆ. ನೀವು ಅಮೆಜಾನ್‌ಗೆ ಹೋಗದಿದ್ದರೂ, ಪೆರುವಿನಿಂದ ವಾಪಸ್ ಬರುವವರ ಹತ್ತಿರ ನಮ್ಮ ಸರ್ಕಾರ ಇದರ ಸರ್ಟಿಫಿಕೇಟ್ ಕೇಳುತ್ತದೆ. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಹೊರಡುವ ಹತ್ತು ದಿನ ಮುಂಚೆಯಾದರೂ, ಸರ್ಕಾರ ಅನುಮತಿ ಕೊಟ್ಟ ಕೇಂದ್ರದಲ್ಲೇ ಹಾಕಿಸಬೇಕು. 60 ದಾಟಿದವರಿಗೆ ಈ ಲಸಿಕೆಯಿಂದ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಆದ್ದರಿಂದ ಟಿಕೆಟ್ ಬುಕ್ ಮಾಡುವ ಮೊದಲೇ ತಂದೆಯವರಿಗೆ ಇದು ಆಗುತ್ತದಾ ಅಂತ ಕೇಳಿಕೊಳ್ಳಿ.

ಊಟದ ಚಿಂತೆ ಬೇಡ. ಆಲೂಗಡ್ಡೆಯ ತವರು ಅದು, ಮೆಕ್ಕೆಜೋಳವೂ ಬೇಕಾದಷ್ಟು. ಮಾಂಸ ಬೇಡ ಅಂತಷ್ಟೇ ಹೇಳಿದರೆ ಕೋಳಿ ಬಡಿಸಿಬಿಡುತ್ತಾರೆ. 'ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ' ಅನ್ನಿ: ಮಾಂಸ, ಕೋಳಿ, ಮೀನು ಯಾವುದೂ ಬೇಡ ಅಂತ. ಕಿನೋವಾ ಸೂಪನ್ನು ಕೋಳಿ ನೀರಿನಲ್ಲಿ ಮಾಡಿರಬಹುದು, ಕೇಳಿ ತಗೊಳ್ಳಿ. ಅನ್ನ ಬೇಕೆನಿಸಿದರೆ ಚೀಫಾ ಅನ್ನುವ ಚೀನೀ ಹೋಟೆಲ್‌ಗಳು ಎಲ್ಲ ಊರಲ್ಲೂ ಇವೆ.

ಪ್ರಶ್ನೆ: ನನಗೆ ರಜೆ ಸಿಗುವುದು ಫೆಬ್ರವರಿಯಲ್ಲಿ ಮಾತ್ರ. ಮಾಚು ಪಿಚುವಿಗೆ ಹೋಗುವ ಹಳೆಯ ಕಾಲುದಾರಿ ಇಂಕಾ ಟ್ರೇಲ್ ನಡೆಯಬಹುದಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಆಗುವುದಿಲ್ಲ. ದಾರಿ ರಿಪೇರಿಗಾಗಿ ಪ್ರತಿ ಫೆಬ್ರವರಿಯಲ್ಲಿ ಅದನ್ನು ಮುಚ್ಚುತ್ತಾರೆ. ಉಳಿದ ತಿಂಗಳಲ್ಲೂ ಗೈಡ್, ಹೊರೆ ಹೊರುವವರು ಎಲ್ಲ ಸೇರಿ ದಿನಕ್ಕೆ 500 ಜನರಿಗಷ್ಟೇ ಪರವಾನಗಿ. ಮಾಚು ಪಿಚು ತೆರೆದಿರುತ್ತದೆ, ಆದರೆ ಅದು ಜೋರು ಮಳೆಗಾಲ. 2010ರ ಜನವರಿಯಲ್ಲಿ ರೈಲು ದಾರಿಯೇ ಕೊಚ್ಚಿಹೋಗಿ, ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ಸಾಗಿಸಿದ್ದರು.

ಫೆಬ್ರವರಿಯೇ ಆದರೆ ಕರಾವಳಿ ನೋಡಿ. ಆಗ ಅಲ್ಲಿ ಬೇಸಿಗೆ. ಪಾರಾಕಾಸ್‌ನಿಂದ ದೋಣಿಯಲ್ಲಿ ಬಾಯೆಸ್ತಾಸ್ ದ್ವೀಪಗಳಿಗೆ ಹೋದರೆ ಸೀ ಲಯನ್, ಪೆಂಗ್ವಿನ್ ಕಾಣುತ್ತವೆ. ಉತ್ತರದ ತ್ರುಹಿಯೊ ಹತ್ತಿರ ಚಾನ್ ಚಾನ್ ಇದೆ. ಇಂಕಾಗಳಿಗಿಂತ ಮುಂಚಿನ ಚಿಮೂ ರಾಜ್ಯದ ರಾಜಧಾನಿ, ಪೂರ್ತಿ ಮಣ್ಣಿನಲ್ಲೇ ಕಟ್ಟಿದ ನಗರ. ಗೋಡೆಗಳ ಮೇಲೆ ಮೀನು, ಹಕ್ಕಿ, ಬಲೆಯ ಚಿತ್ತಾರ ಇನ್ನೂ ಉಳಿದಿದೆ. ಮಾಚು ಪಿಚುವಿನ ನೂಕುನುಗ್ಗಲು ಅಲ್ಲಿಲ್ಲ. ಬಿಸಿಲು ಏರುವ ಮೊದಲು, ಬೆಳಿಗ್ಗೆಯೇ ಹೋಗಿ.