ಮುಗಿಲು ಮುಟ್ಟಿದ ಐದು ಹರ್ಷೋದ್ಗಾರ

ಪ್ರಿಯ ಲೇಖಕರೇ,

ನೀವು ಕಳಿಸಿದ 'ಹತ್ತು ಮಂದಿಯ ಗೆಲುವು' ಎರಡು ಸಲ ಓದಿದೆ, ಮೊದಲು ಖುಷಿಯಿಂದ, ಆಮೇಲೆ ಸಿಟ್ಟಿನಿಂದ. 2024ರ ಆಗಸ್ಟ್ 4ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಹಾಕಿ ಕ್ವಾರ್ಟರ್ ಫೈನಲ್‌ನಲ್ಲಿ ಭಾರತ ಗ್ರೇಟ್ ಬ್ರಿಟನ್ ತಂಡವನ್ನು ಶೂಟೌಟ್‌ನಲ್ಲಿ 4–2ರಿಂದ ಮಣಿಸಿದ್ದನ್ನು ಕೊಡಗಿನ ವಿರಾಜಪೇಟೆ ಹತ್ತಿರದ ಒಂದು ಮನೆಯಲ್ಲಿ 22 ಜನ ಕೂತು ನೋಡಿದ ಬಗೆ ಅದು. ಭಾಷೆ ಸರಾಗವಾಗಿದೆ, ಕಾಗುಣಿತ ಸರಿ ಇದೆ, ಹೇಳಿದ ಅಳತೆ ಮೀರಿಲ್ಲ. ಸಂತೋಷ. ತಕರಾರು ಎರಡೇ, ಆದರೆ ಎರಡೂ ದೊಡ್ಡವು.

'ಹರ್ಷೋದ್ಗಾರ ಮುಗಿಲು ಮುಟ್ಟಿತು' ಎಂಬ ಮಾತು ಐದು ಸಲ ಬಂದಿದೆ. ಐದಕ್ಕೂ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಒಂದೇ ಮಾತು ಮತ್ತೆ ಮತ್ತೆ ಬಂತೆಂಬುದು ನನ್ನ ದೂರಲ್ಲ. ಐದು ಕಡೆಯೂ ಅಲ್ಲಿ ಆಗಿರಬಹುದಾದ ಸದ್ದು ಬೇರೆ ಬೇರೆ, ಒಂದೆರಡು ಕಡೆ ಸದ್ದೇ ಇರಲಾರದು.

"ಪಂದ್ಯ ಶುರುವಾಗುತ್ತಿದ್ದಂತೆ ನೆರೆದವರ ಹರ್ಷೋದ್ಗಾರ ಮುಗಿಲು ಮುಟ್ಟಿತು." ಪಂದ್ಯ ಶುರುವಾದದ್ದು ನಮ್ಮಲ್ಲಿ ಭಾನುವಾರ ಮಧ್ಯಾಹ್ನ ಒಂದೂವರೆಗೆ. ಪಂದಿಕರಿ ಇಳಿಸಿದ ಮನೆಯಲ್ಲಿ ಆ ಹೊತ್ತಿಗೆ ಕೂಗಲು ಯಾರ ಬಾಯಿಯೂ ಖಾಲಿ ಇರುವುದಿಲ್ಲ. ಅದರ ಬೆನ್ನಿಗೇ ಕ್ರೀಡಾಂಗಣದ 'ಮುಸ್ಸಂಜೆಯ ಹೊಂಬೆಳಕು' ಬಂದಿದೆ. ಪ್ಯಾರಿಸ್ ಪಕ್ಕದ ಕೊಲಂಬ್‌ನಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಕೊಡಗಿನ ಹಬ್ಬ ಕಕ್ಕಡ ಹದಿನೆಂಟು ಕಳೆದ ಮರುದಿನ ಅದು. ಹಿಂದಿನ ದಿನದ ಮದ್ದು ಸೊಪ್ಪಿನ ಪಾಯಸ ನಿಮ್ಮ ಆ ಮನೆಯಲ್ಲಿ ಉಳಿದಿತ್ತೋ ಇಲ್ಲವೋ ಎಂಬ ಒಂದು ಸಾಲು ಆ ಹೊಂಬೆಳಕಿಗಿಂತ ಬೆಲೆ ಬಾಳುತ್ತಿತ್ತು.

"ಹರ್ಮನ್‌ಪ್ರೀತ್ ಆರಂಭದಲ್ಲೇ ಗೋಲು ಬಾರಿಸಿದಾಗ ಹರ್ಷೋದ್ಗಾರ ಮುಗಿಲು ಮುಟ್ಟಿತು. ಆದರೆ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಸಿಕ್ಕಿದ್ದೇ ಆತಂಕದ ಕಾರ್ಮೋಡ ಕವಿಯಿತು." ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದದ್ದು ಇಲ್ಲೇ. ಕೆಂಪು ಕಾರ್ಡ್ 17ನೇ ನಿಮಿಷದ್ದು, ಗೋಲು 22ನೇ ನಿಮಿಷದ್ದು. ಮೊದಲು ಒಬ್ಬ ಆಟಗಾರನನ್ನು ಕಳಕೊಂಡೆವು, ಆಮೇಲೆ ಹತ್ತೇ ಜನ ಮುನ್ನಡೆ ಪಡೆದರು. ನೀವು ಅದನ್ನು ತಿರುವುಮುರುವು ಮಾಡಿದ್ದರಿಂದ ಆ ದಿನದ ಅತಿ ದೊಡ್ಡ ಅಚ್ಚರಿ ಕೈಬಿಟ್ಟುಹೋಯಿತು. ಐದು ನಿಮಿಷದ ಹಿಂದೆ 'ಇನ್ನು ಮುಗೀತು' ಅಂದವನು ಗೋಲು ಬಿದ್ದಾಗ ಕೂಗುವ ಬಗೆಯೇ ಬೇರೆ. ಅದರಲ್ಲಿ ಸ್ವಲ್ಪ ನಾಚಿಕೆ ಬೆರೆತಿರುತ್ತದೆ. ಆ ಮನುಷ್ಯ ನಿಮ್ಮ 22 ಜನರಲ್ಲಿ ಒಬ್ಬನಾದರೂ ಇದ್ದೇ ಇರುತ್ತಾನೆ, ಹುಡುಕಿ.

ಕಾರ್ಡಿನ ವಿಷಯ ಇಷ್ಟಕ್ಕೇ ಬಿಡಬಾರದು. ಹಾಕಿಯಲ್ಲಿ ಹಸಿರು ಕಾರ್ಡಿಗೆ 2 ನಿಮಿಷ ಹೊರಗೆ, ಹಳದಿಗೆ ಕನಿಷ್ಠ 5 ನಿಮಿಷ, ಕೆಂಪಿಗೆ ಉಳಿದ ಇಡೀ ಪಂದ್ಯ. ರೋಹಿದಾಸ್‌ನ ಸ್ಟಿಕ್ ಬ್ರಿಟನ್ನಿನ ವಿಲ್ ಕ್ಯಾಲ್ನನ್ ಮುಖಕ್ಕೆ ತಾಗಿತ್ತು, ವಿಡಿಯೊ ನೋಡಿದ ಮೇಲೆ ಕಾರ್ಡ್ ಬಂತು. ಅಂದರೆ ನಿಮ್ಮ ಮನೆಯವರು ಅದನ್ನು ಒಂದು ಸಲ ನೋಡಲಿಲ್ಲ, ನಾಲ್ಕಾರು ಸಲ ನೋಡಿದರು. ಮಾಮೂಲಿ ವೇಗದಲ್ಲಿ 'ಏ, ಗೊತ್ತಿಲ್ಲದೆ ತಾಗಿದ್ದು' ಅಂದವರು ನಿಧಾನಗತಿಯಲ್ಲಿ ತೋರಿಸಿದಾಗ ತೆಪ್ಪಗಾಗುತ್ತಾರೆ. ನಿಧಾನಗತಿಯಲ್ಲಿ ಎಲ್ಲ ಪೆಟ್ಟೂ ಬೇಕಂತಲೇ ಕೊಟ್ಟಂತೆ ಕಾಣುತ್ತದೆ. ಆ ಒಂದೆರಡು ನಿಮಿಷದಲ್ಲಿ ಕೋಣೆ ಎರಡು ಪಂಗಡವಾಗಿ ಒಡೆದಿರುತ್ತದೆ. 'ಕಾರ್ಮೋಡ' ಎಂದು ಬರೆದು ನೀವು ಆ ಜಗಳವನ್ನು ಮುಚ್ಚಿಬಿಟ್ಟಿರಿ.

ಮೂರನೆಯದು: "ಬ್ರಿಟನ್ನಿನ ಪೆನಾಲ್ಟಿ ಕಾರ್ನರ್ ವ್ಯರ್ಥವಾದಾಗಲೆಲ್ಲ ಹರ್ಷೋದ್ಗಾರ ಮುಗಿಲು ಮುಟ್ಟುತ್ತಿತ್ತು." ಹಾಕಿ ಗೊತ್ತಿಲ್ಲದ ಊರಿನ ಬಗ್ಗೆ ಬರೆದಿದ್ದರೆ ಬಿಡುತ್ತಿದ್ದೆ. ನೀವು ಬರೆಯುತ್ತಿರುವುದು ಕೊಡಗಿನ ಬಗ್ಗೆ. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬಕ್ಕೆ ಅದೇ 2024ರ ಬೇಸಿಗೆಯಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ತಂಡ ಕಟ್ಟಿ ಬಂದಿದ್ದವು. ನಿಮ್ಮ ಸೋಫಾದ ಮೇಲಿದ್ದವರಲ್ಲಿ ಅರ್ಧದಷ್ಟು ಜನ ಎಂದಾದರೂ ಸ್ಟಿಕ್ ಹಿಡಿದವರೇ ಇರಬೇಕು. ಅಂಥವರು ಶಾರ್ಟ್ ಕಾರ್ನರ್ ಹೊತ್ತಿಗೆ ಏನು ನೋಡುತ್ತಾರೆ ಗೊತ್ತೆ? (ಗೋಲಿನ ಮುಂದಿನ ವೃತ್ತದೊಳಗೆ ತಪ್ಪಾದಾಗ ಎದುರಾಳಿಗೆ ಸಿಗುವ ಈ ಅವಕಾಶ ಹಿರಿಯರ ಬಾಯಲ್ಲಿ ಇನ್ನೂ 'ಶಾರ್ಟ್ ಕಾರ್ನರ್', ಹುಡುಗರಿಗೆ 'ಪಿಸಿ'. ನೀವು ಎಲ್ಲರ ಬಾಯಲ್ಲೂ 'ಪೆನಾಲ್ಟಿ ಕಾರ್ನರ್' ಇಟ್ಟಿದ್ದೀರಿ, ಟಿವಿ ಕಾಮೆಂಟರಿಯವರ ಹಾಗೆ.) ಅವರು ಚೆಂಡು ನೋಡುವುದಿಲ್ಲ. ರಕ್ಷಣೆಗೆ ನಿಲ್ಲಲು ಮಾಸ್ಕ್ ಹಾಕಿಕೊಳ್ಳುತ್ತಿರುವವರು ಯಾರು ಅಂತ ನೋಡುತ್ತಾರೆ.

ಶಾರ್ಟ್ ಕಾರ್ನರ್‌ನಲ್ಲಿ ರಕ್ಷಣೆಗೆ ಗೋಲಿ (ಗೋಲ್‌ಕೀಪರ್) ಸೇರಿ ಐದೇ ಜನ ಬ್ಯಾಕ್‌ಲೈನ್, ಅಂದರೆ ಗೋಲಿರುವ ಗೆರೆಯ ಹಿಂದೆ ನಿಲ್ಲಬೇಕು, ಉಳಿದವರು ನಡುಗೆರೆಯಾಚೆ. ಹನ್ನೊಂದು ಜನವಿದ್ದರೂ ಐದೇ, ಹತ್ತು ಜನವಿದ್ದರೂ ಐದೇ. ಹಾಗಾಗಿ ಆ ಕ್ಷಣಕ್ಕೆ ಲೆಕ್ಕದಲ್ಲಿ ಭಾರತಕ್ಕೆ ಏನೂ ಕಡಿಮೆ ಇರಲಿಲ್ಲ. ಕಡಿಮೆಯಾದದ್ದು ಆಸಾಮಿ. ಚೆಂಡು ಒಳಗೆ ತಳ್ಳಿದ ಕೂಡಲೇ ಡ್ರ್ಯಾಗ್ ಫ್ಲಿಕ್ ಮಾಡುವವನ, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವವನ ಮೈಮೇಲೇ ನುಗ್ಗುವ ಮೊದಲ ರಷರ್ ಆಗಿ ಹೆಸರಾದವನೇ ರೋಹಿದಾಸ್. ಆ ಕೆಲಸಕ್ಕೆ ವೇಗ ಸಾಲದು, ಗುಂಡಿಗೆಯೂ ಬೇಕು. ಚೆಂಡು ಬರುವುದು ಮೊಣಕಾಲಿಗೋ, ತೊಡೆಗೋ, ಮುಖಕ್ಕೋ. ಅವನಿಲ್ಲ ಅಂದಾಗ ಆ ಜಾಗಕ್ಕೆ ಯಾರು ಓಡುತ್ತಾರೆ ಅನ್ನುವುದೇ ಕೋಣೆಯ ಪ್ರಶ್ನೆ. ಹತ್ತು ಜನವಾದುದರ ನಷ್ಟ ಕಾಣುವುದು ಆಮೇಲೆ: ಚೆಂಡು ತಡೆದು ಹೊರಗೆ ಹೊಡೆದರೂ ನಡುಗೆರೆಯಾಚೆ ಅದನ್ನು ಹಿಡಿಯಲು ಆರರ ಬದಲು ಐದೇ ಜನ. ಚೆಂಡು ಮತ್ತೆ ಬ್ರಿಟನ್ನಿನ ಸ್ಟಿಕ್ಕಿಗೆ, ಮತ್ತೆ ನಮ್ಮ ವೃತ್ತಕ್ಕೆ.

ಕಾರ್ನರ್ ತಪ್ಪಿದಾಗ ಬರುವುದು ಹರ್ಷೋದ್ಗಾರವಲ್ಲ, ಇಷ್ಟು ಹೊತ್ತು ಹಿಡಿದಿಟ್ಟ ಉಸಿರು. ಅದು ಪೂರ್ತಿ ಹೊರಬೀಳುವ ಮೊದಲೇ ಯಾರೋ 'ಫುಟ್! ಫುಟ್!' ಅಂತ ಕಿರುಚುತ್ತಾರೆ, ನಮ್ಮವರ ಕಾಲಿಗೇ ಚೆಂಡು ತಾಗಿರುತ್ತದೆ, ಇನ್ನೊಂದು ಕಾರ್ನರ್. ಅಂಪೈರ್‌ಗಿಂತ ಮೊದಲು ನೋಡುಗನೇ ನಮ್ಮ ವಿರುದ್ಧ ತೀರ್ಪು ಕೊಟ್ಟಿರುತ್ತಾನೆ, ಹಳೇ ಅಭ್ಯಾಸ. ಹೀಗೆ ಕೂಗಿದವನನ್ನು ಪಕ್ಕದವರು ಬೈಯದ ಮನೆ ಇಲ್ಲ.

ನಿಮ್ಮ ಬರಹದಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು ಇನ್ನು ಬರುತ್ತದೆ. 27ನೇ ನಿಮಿಷದಲ್ಲಿ ಲೀ ಮಾರ್ಟನ್ ಗೋಲು ಹೊಡೆದು 1–1 ಮಾಡಿದ. ಅಲ್ಲಿಂದ ಕೊನೆಯ ಹೂಟರ್‌ವರೆಗೆ ಯಾವ ಗೋಲೂ ಇಲ್ಲ. ವಿರಾಮದ ನಂತರದ ಎರಡು ಕ್ವಾರ್ಟರ್, ತಲಾ 15 ನಿಮಿಷ, ಭಾರತ ತನ್ನ ವೃತ್ತದ ಸುತ್ತಲೇ ನಿಂತು ಕಾದಿತು. ನಿಮ್ಮ ಪಾಲಿಗೆ ಆ ಅರ್ಧ ಗಂಟೆ ಇಷ್ಟೇ: "ನಂತರ ಉಭಯ ತಂಡಗಳೂ ಗೋಲಿಗಾಗಿ ಸೆಣಸಿದವು, ಅಭಿಮಾನಿಗಳ ಹರ್ಷೋದ್ಗಾರ ಮುಗಿಲು ಮುಟ್ಟಿತ್ತು." ಸ್ವಾಮಿ, ಇದೇ ಅಲ್ಲವೆ ನಿಮ್ಮ ಬರಹ? ಗೋಲಿಗೆ ಕೂಗುವುದು ಯಾರಿಗೂ ಬರುತ್ತದೆ. ಗೋಲೇ ಇಲ್ಲದ 30 ನಿಮಿಷದಲ್ಲಿ 22 ಜನ ಏನು ಮಾಡಿದರು? ಯಾರು ಜಾಗ ಬದಲಿಸಿ ಕೂತರು, ಯಾರನ್ನು 'ನೀನು ಬಂದ ಮೇಲೇ ಗೋಲು ಬಿಟ್ಟದ್ದು' ಅಂತ ಅಡುಗೆಮನೆಗೆ ಅಟ್ಟಿದರು, ಪರದೆಯ ಮೂಲೆಯ ಗಡಿಯಾರವನ್ನು ಜೋರಾಗಿ ಓದುತ್ತಿದ್ದವರು ಯಾರು? 'ಸೈಡಿಗೆ ಹೊಡಿ, ಸೈಡಿಗೆ' ಅಂತ ಶುರುವಾದ ಕೂಗು ಎಷ್ಟನೇ ನಿಮಿಷಕ್ಕೆ ಬರೀ 'ಹೊಡಿ' ಆಯಿತು?

ನಾನು ಕ್ರೀಡಾಪುಟದಲ್ಲಿ ಕೆಲಸ ಕಲಿತ ಕಾಲದಲ್ಲಿ ನಮ್ಮ ಹಿರಿಯರೊಬ್ಬರು ನೋಟ್‌ಬುಕ್ಕಿನ ಹಾಳೆಯನ್ನು ಮೂರು ಮಾಡಿ ಮಡಚಿಸುತ್ತಿದ್ದರು. ಎಡಗಡೆ ನಿಮಿಷ, ನಡುವೆ ಮೈದಾನದಲ್ಲಿ ಆದದ್ದು, ಬಲಗಡೆ ಗ್ಯಾಲರಿಯಲ್ಲಿ ಕಂಡದ್ದು, ಕೇಳಿದ್ದು. ಬಲಗಡೆ ಖಾಲಿ ಬಿಟ್ಟು ತಂದರೆ ವರದಿ ಮುಟ್ಟುತ್ತಲೇ ಇರಲಿಲ್ಲ. ಬಲಗಡೆ ಬರೆದದ್ದಕ್ಕೆ ಎಡಗಡೆ ನಿಮಿಷ ಇಲ್ಲದಿದ್ದರೆ ಅದನ್ನು ಕೆಂಪಿನಲ್ಲಿ ಹೊಡೆದುಹಾಕುತ್ತಿದ್ದರು, 'ಯಾವಾಗ ಕೂಗಿದ್ದು?' ಅಂತ ಪಕ್ಕದಲ್ಲಿ ಬರೆದು. ನಾನು ಆಗ ಬರೆಯುತ್ತಿದ್ದದ್ದೂ ಮುಗಿಲು ಮುಟ್ಟುವ ಸಾಮಾನೇ. ಇರಲಿ. ಆ ದಿನದ ನಿಮ್ಮ ಹಾಳೆ ಈಗ ಸಿಗುವುದಿಲ್ಲ, ಆದರೆ ಪಂದ್ಯದ ನಿಮಿಷಗಳು ಎಲ್ಲೂ ಹೋಗಿಲ್ಲ. ಆ ಮನೆಗೆ ಮತ್ತೆ ಹೋಗಿ, ಮೂವರನ್ನು ಬೇರೆ ಬೇರೆಯಾಗಿ ಕೂರಿಸಿ, 17, 22, 27 ಅಂತ ಒಂದೊಂದೇ ಮುಂದಿಟ್ಟು ಕೇಳಿ. 'ಹೇಗನ್ನಿಸಿತು' ಅಂತ ಕೇಳಬೇಡಿ, 'ಅದ್ಭುತ' ಅನ್ನುತ್ತಾರೆ. 'ಆಗ ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು' ಅಂತ ಕೇಳಿ.

ಎರಡನೇ ತಕರಾರು ಶೂಟೌಟ್. "ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಶ್ರೀಜೇಶ್ ಕೊನೆಯ ಹೊಡೆತವನ್ನು ತಡೆಯುತ್ತಿದ್ದಂತೆ ಭಾರತ ಗೆದ್ದಿತು, ಹರ್ಷೋದ್ಗಾರ ಮುಗಿಲು ಮುಟ್ಟಿತು." ಒಂದೇ ವಾಕ್ಯದಲ್ಲಿ ಎರಡು ತಪ್ಪು.

ಸ್ಟ್ರೋಕ್ ಅಂದರೆ ಗೋಲಿನಿಂದ 6.40 ಮೀಟರ್ ದೂರದ ಚುಕ್ಕೆ, ಒಂದೇ ಹೊಡೆತ, ಗೋಲಿಯ ಕಾಲು ಗೆರೆ ಮೇಲೆ. ನೋಡುವವನಿಗೆ ಕಣ್ಣು ಮಿಟುಕಿಸುವಷ್ಟೇ ಹೊತ್ತು. ಶೂಟೌಟ್ ಹಾಗಲ್ಲ. ಆಟಗಾರ 23 ಮೀಟರ್ ಗೆರೆಯಿಂದ ಚೆಂಡು ತರುತ್ತಾನೆ, ಗೋಲಿ ಗೆರೆ ಬಿಟ್ಟು ಎದುರಿಗೆ ಬರುತ್ತಾನೆ, ಒಟ್ಟು 8 ಸೆಕೆಂಡ್. ಒಮ್ಮೆ ತಡೆದರೂ ಮುಗಿಯಲಿಲ್ಲ, ಸಮಯ ಉಳಿದಿದ್ದರೆ ಚೆಂಡು ಹೆಕ್ಕಿ ಮತ್ತೆ ಹೊಡೆಯಬಹುದು. ಆ ಎಂಟು ಸೆಕೆಂಡಿನಲ್ಲಿ ಕೋಣೆಯ ಸದ್ದು ಏರಿ, ಇಳಿದು, ಮತ್ತೆ ಏರುತ್ತದೆ. ಸ್ಟ್ರೋಕ್ ಅಂತ ಬರೆದು ಅಷ್ಟನ್ನೂ ಒಂದು ಟಪ್ ಸದ್ದಿಗೆ ಇಳಿಸಿದಿರಿ.

ಇನ್ನು ಲೆಕ್ಕ. ಬ್ರಿಟನ್ ಮೊದಲು. ಆಲ್ಬರಿ, ವಾಲೆಸ್ ಹೊಡೆದರು, ನಮ್ಮ ಹರ್ಮನ್‌ಪ್ರೀತ್, ಸುಖ್‌ಜೀತ್ ಹೊಡೆದರು, 2–2. ವಿಲಿಯಮ್‌ಸನ್ ತಪ್ಪಿದ, ಲಲಿತ್ ಉಪಾಧ್ಯಾಯ ಹೊಡೆದ, 3–2. ನಾಲ್ಕನೆಯವನಾಗಿ ಬಂದ ಫಿಲ್ ರೋಪರ್‌ನನ್ನು ನಮ್ಮ ಗೋಲಿ ಶ್ರೀಜೇಶ್ ತಡೆದ. ಆದರೆ ಪಂದ್ಯ ಅಲ್ಲಿ ಮುಗಿಯಲಿಲ್ಲ. ನಮ್ಮ ನಾಲ್ಕನೆಯವ ರಾಜ್‌ಕುಮಾರ್ ಪಾಲ್ ಹೊಡೆದಾಗ 4–2, ಬ್ರಿಟನ್ನಿಗೆ ಉಳಿದದ್ದು ಒಂದೇ ಅವಕಾಶ, ಮುಗಿಯಿತು. ಐದನೆಯದು ನಡೆಯಲೇ ಇಲ್ಲ.

ಇದು ಬರೀ ಅಂಕಿಯ ತಕರಾರಲ್ಲ. ಯಾವ ಕೋಣೆಯಲ್ಲೂ ಇಂಥ ಗೆಲುವು ಎಲ್ಲರಿಗೂ ಒಟ್ಟಿಗೆ ತಿಳಿಯುವುದಿಲ್ಲ. ಬೆರಳು ಮಡಚಿ ಲೆಕ್ಕ ಇಟ್ಟವರು ರಾಜ್‌ಕುಮಾರ್ ಹೊಡೆದ ಕೂಡಲೇ ಎದ್ದು ನಿಂತಿರುತ್ತಾರೆ. ಇಡದವರು 'ಇನ್ನೊಂದು ಇದೆಯಲ್ಲ?' ಅನ್ನುತ್ತಾ ಕೂತೇ ಇರುತ್ತಾರೆ, ಟಿವಿಯಲ್ಲಿ ಹುಡುಗರು ಓಡಿ ಬಂದು ಶ್ರೀಜೇಶ್ ಮೇಲೆ ಬೀಳುವುದು ಕಂಡ ಮೇಲೆ ಅವರ ಸರದಿ. ಎರಡು ಅಲೆ. ಅದರಾಚೆಗೆ, ಈ ಒಲಿಂಪಿಕ್ಸೇ ತನ್ನ ಕೊನೆಯ ಟೂರ್ನಿ ಅಂತ ಶ್ರೀಜೇಶ್ ಮೊದಲೇ ಹೇಳಿಬಿಟ್ಟಿದ್ದ. ಸೋತರೆ ಇದೇ ಅವನ ಕೊನೆಯ ಪಂದ್ಯ ಅಂತ ಆ ಕೋಣೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದರೇ? ಅಥವಾ ಅಪಶಕುನ ಅಂತ ಯಾರೂ ಹೇಳಲಿಲ್ಲವೆ?

'200 ವರ್ಷದ ಸೇಡು ತೀರಿತು' ಎಂಬ ಪ್ಯಾರಾ ಪೂರ್ತಿ ತೆಗೆಯಿರಿ. ಆ ಮಾತಿಗೆ ಒಂದು ಜಾಗ ಇತ್ತು: 1948, ವೆಂಬ್ಲಿ, ಒಲಿಂಪಿಕ್ಸ್ ಫೈನಲ್, ಭಾರತ 4, ಬ್ರಿಟನ್ 0. ಮೂರು ವರ್ಷದ ಹಿಂದೆ ಟೋಕಿಯೊದ ಇದೇ ಹಂತದಲ್ಲಿ ನಾವು 3–1ರಿಂದ ಸೋಲಿಸಿದ್ದ ತಂಡವೇ ಮತ್ತೆ ಎದುರಾಗಿತ್ತು, ನಿಮ್ಮ ಸೋಫಾದವರಿಗೆ ನೆನಪಿದ್ದದ್ದು ಅಷ್ಟೇ ಇರಬೇಕು.

ನಿಮ್ಮ ಒಂದು ಸಾಲಿಗೆ ಮಾತ್ರ ಪೆನ್ಸಿಲ್ ತಾಗಿಸಿಲ್ಲ. "ರಾಜ್‌ಕುಮಾರ್ ಇನ್ನೂ ಗೆರೆ ಬಿಟ್ಟಿರಲಿಲ್ಲ, ಕೆಳಗಿನ ಮನೆಯಿಂದ ಪಟಾಕಿ ಸದ್ದು ಬಂತು. ನಾವು ಗೆದ್ದಾಗಿತ್ತು, ನೋಡುವುದಷ್ಟೇ ಬಾಕಿ." ಈ ಒಂದು ಸಾಲಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ. ಮೊಬೈಲಿನಿಂದ ಟಿವಿಗೆ ಹಾಕಿದ ಸ್ಟ್ರೀಮಿಂಗ್, ಡಿಶ್‌ನಲ್ಲಿ ಬರುವ ಚಾನೆಲ್‌ಗಿಂತ ಎಷ್ಟೋ ಸೆಕೆಂಡ್ ಹಿಂದೆ ಬೀಳುತ್ತದೆ. ಎಂಟು ಸೆಕೆಂಡಿನ ಶೂಟೌಟ್ ಪೂರ್ತಿ ಆ ಸಂದಿಯಲ್ಲಿ ಮುಗಿದುಹೋಗಬಹುದು. ಹಾಗಿದ್ದರೆ ರೋಪರ್ ಸರದಿಗೂ ಕೆಳಗಿನ ಮನೆಯಿಂದ ಸದ್ದು ಮೊದಲೇ ಬಂದಿರಬೇಕು, 22ನೇ ನಿಮಿಷಕ್ಕೂ. ಅಷ್ಟೇ ಅಲ್ಲ, 27ನೇ ನಿಮಿಷದಲ್ಲಿ ಆ ಮನೆ ಇದ್ದಕ್ಕಿದ್ದಂತೆ ಸುಮ್ಮನಾಗಿರಬೇಕು. ನಿಮ್ಮವರಲ್ಲಿ ಯಾರೋ ಆ ಮೌನ ಕೇಳಿಸಿಕೊಂಡಿದ್ದಾರೆ. ಆ ವ್ಯಕ್ತಿಯಿಂದ ಶುರು ಮಾಡಿ, 900 ಪದ ಸಾಕು. ಕೆಳಗಿನ ಮನೆಯವರದ್ದು ಡಿಶ್ಶೋ ಕೇಬಲ್ಲೋ, ಆಗಸ್ಟ್ ಮಳೆಯಲ್ಲಿ ಪಟಾಕಿ ಒಣಗಿದ್ದು ಅವರಿಗೆ ಎಲ್ಲಿಂದ ಸಿಕ್ಕಿತು, ಅದನ್ನೂ ಕೇಳಿಕೊಂಡು ಬನ್ನಿ.

ಇತಿ,
ಸಂಪಾದಕ